ಬೇರಿಂಗ್‌ಗೆ ಉಳಿ ಹಿಡಿಯಬೇಡಿ

ಕೇಳುಗರಿಗೆ ನಮಸ್ಕಾರ.

ಸಣ್ಣ ಗ್ಯಾರೇಜಿನಲ್ಲಿ, ರಸ್ತೆ ಬದಿಯ ಮರದಡಿಯಲ್ಲಿ ಗಾಡಿಗೆ ಜಾಕ್ ಕೊಟ್ಟು ದುಡಿಯುವ ತರುಣ ಮೆಕ್ಯಾನಿಕರೇ, ಇವತ್ತು ನಿಮಗೆ ಹೇಳಬೇಕಾದದ್ದು ಒಂದೇ ಮಾತು. ಚಕ್ರದ ಬೇರಿಂಗ್ ಕೂರಿಸುವಾಗ ಪೆಟ್ಟು ಸುತ್ತಲೂ ಸಮನಾಗಿ ಬೀಳಬೇಕು. ಉಳಿ ಹಿಡಿದು ಅತ್ತ ಒಂದು, ಇತ್ತ ಒಂದು ಹೊಡೆಯುವುದನ್ನು ದಯವಿಟ್ಟು ಬಿಡಿ.

ಹಳೆಯ ಜೀಪಿನ ಮುಂದಿನ ಹಬ್, ಅಂದರೆ ಚಕ್ರ ಕೂರುವ ನಡುಗುಂಬ, ಬಿಚ್ಚಿದವರಿಗೆ ಗೊತ್ತು, ಒಳಗೆ ಎರಡು ಟೇಪರ್ ರೋಲರ್ ಬೇರಿಂಗ್ (ಒಂದು ತುದಿ ಸಣ್ಣಗಾದ ಉರುಳೆಗಳದ್ದು), ಹಿಂಬದಿಗೆ ಗ್ರೀಸು ಸೋರದಂತೆ ತಡೆಯುವ ಒಂದು ಆಯಿಲ್ ಸೀಲ್. ಬೇರಿಂಗಿನ ಹೊರ ರೇಸನ್ನು ಕಪ್ ಎನ್ನುತ್ತೇವೆ. ಬಳೆಯಂಥ ಉಕ್ಕಿನ ಉಂಗುರ. ವಿಲ್ಲಿಸ್ ಮಾದರಿಯ ಜೀಪಿನಲ್ಲಿ ಅದರ ಹೊರ ವ್ಯಾಸ ಸುಮಾರು 73 ಮಿಲಿಮೀಟರ್. ಹಬ್‌ನ ರಂಧ್ರ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಬಿಗಿ ಬರುವುದೇ ಅದರಿಂದ, ತೊಂದರೆ ಬರುವುದೂ ಅದರಿಂದಲೇ.

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು ಒಮ್ಮೆ ಜೀಪು ತಂದು ನಿಲ್ಲಿಸಿದರು. "ಮೇಷ್ಟ್ರೇ, ಒಂದೇ ಮಳೆಗಾಲದಲ್ಲಿ ಎರಡು ಸಲ ಬೇರಿಂಗ್ ಹಾಕಿಸಿದೆ. ಮತ್ತೆ ಸದ್ದು. ಈಗ ಸಿಗುವುದೆಲ್ಲ ಡೂಪ್ಲಿಕೇಟು" ಎಂದರು. ಚಕ್ರ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಹಾಗೆ ಸಡಿಲ ಕಂಡಾಗಲೆಲ್ಲ ಅವರ ಮೆಕ್ಯಾನಿಕ್ ನಟ್ ಬಿಗಿ ಮಾಡಿ ಕಳಿಸುತ್ತಿದ್ದನಂತೆ. ಹಬ್ ಬಿಚ್ಚಿದೆ. ಸೀಲ್ ಒಂದು ಬದಿ ಒಳಗೆ ಇಳಿದಿದೆ, ಇನ್ನೊಂದು ಬದಿ ಎದ್ದು ಕುಳಿತಿದೆ. ಗ್ರೀಸು ಸೋರಿ ಬ್ರೇಕ್ ಲೈನಿಂಗಿಗೆ ಹತ್ತಿದೆ. ಅದು ಚಾರ್ಮಾಡಿ ಘಾಟಿ ಇಳಿಯುವ ಗಾಡಿ! ಕಪ್ ತೆಗೆದು ನೋಡಿದರೆ ಅದರ ಹಿಂದೆ ಉಗುರಿನ ಚೂರಿನಂತೆ ತೆಳ್ಳಗಿನ ಲೋಹದ ಸಿಪ್ಪೆ. ಉಳಿಯ ಪೆಟ್ಟಿಗೆ ಓರೆಯಾಗಿ ಇಳಿದ ಕಪ್, ರಂಧ್ರದ ಗೋಡೆಯನ್ನೇ ಕೆರೆದುಕೊಂಡು ಹೋಗಿತ್ತು. ಸಿಪ್ಪೆಯ ಮೇಲೆ ಕುಳಿತ ಕಪ್ ಅನ್ನು ತಳಕ್ಕೆ ಮುಟ್ಟಿತೆಂದು ನಂಬಿ ನಟ್ ಹೊಂದಿಸಿದ್ದಾರೆ. ಗಾಡಿ ಓಡಿದಂತೆ ಸಿಪ್ಪೆ ಅಪ್ಪಚ್ಚಿಯಾಗುತ್ತದೆ, ಕಪ್ ಒಳಗೆ ಸರಿಯುತ್ತದೆ, ಚಕ್ರ ಸಡಿಲವಾಗುತ್ತದೆ. ಬೇರಿಂಗ್ ಅಸಲಿಯೇ ಆಗಿತ್ತು. ಪಾಪ, ಅಂಗಡಿಯವನು ಸುಮ್ಮನೆ ಬೈಗುಳ ತಿಂದ.

ಇದಕ್ಕೆ ಬೇಕಾದ ಸಾಧನವೇ ಬೇರಿಂಗ್ ಡ್ರೈವರ್ ಸೆಟ್. ಒಂದು ಹಿಡಿ, 40ರಿಂದ 80 ಮಿಲಿಮೀಟರಿನವರೆಗಿನ ಕೆಲವು ಅಲ್ಯೂಮಿನಿಯಂ ಬಿಲ್ಲೆಗಳು, ಅಷ್ಟೇ. ಬಿಲ್ಲೆಯ ಇಳಿಜಾರು ಮುಖ ಕಪ್‌ಗೆ, ಚಪ್ಪಟೆ ಮುಖ ಸೀಲಿಗೆ. ಕಪ್‌ನ ಹೊರ ಅಳತೆಗಿಂತ ತುಸು ಚಿಕ್ಕ ಬಿಲ್ಲೆ ಆರಿಸಿ, ಇಲ್ಲದಿದ್ದರೆ ಬಿಲ್ಲೆಯೇ ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಪೆಟ್ಟು ತಿಂದು ಜಜ್ಜಿಹೋಗುವುದು ಬಿಲ್ಲೆ, ಕಪ್ ಅಲ್ಲ. ಸೆಟ್ ದುಬಾರಿ ಎನ್ನುವವರು ಹಳೆಯ ಕಪ್‌ನ ಹೊರಮೈಯನ್ನು ಗ್ರೈಂಡರಿನಲ್ಲಿ ಉಜ್ಜಿ, ಹೊಸದರ ಮೇಲಿಟ್ಟು ಹೊಡೆಯಲಿ. ಆಗಲೂ ಪೆಟ್ಟು ಸುತ್ತಲೂ ಸಮನಾಗಿಯೇ ಬೀಳುತ್ತದೆ.

ಜೀಪಿನ ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಬೇಗ. ಕಪ್ ಅನ್ನು ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟು ತೆಗೆಯಿರಿ; 40 ಡಿಗ್ರಿ ತಣಿದರೆ 73 ಮಿಲಿಮೀಟರಿನ ಕಪ್ ಸುಮಾರು 0.03 ಮಿಲಿಮೀಟರ್ ಕುಗ್ಗುತ್ತದೆ. ಈ ಕೆಲಸಕ್ಕೆ ಅದು ಸಣ್ಣದಲ್ಲ. ಕಪ್ ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುತ್ತದೆ, ಕಿವಿ ಕೊಡಿ. ಸೀಲಿನ ಸ್ಪ್ರಿಂಗ್ ಇರುವ ತುಟಿ ಗ್ರೀಸಿನ ಕಡೆಗೆ ಇರಲಿ, ತುಟಿಗೆ ಗ್ರೀಸು ಸವರಿ. ಕಣ್ಣಿಗೆ ಕನ್ನಡಕ ಬೇಕು, ಬೇರಿಂಗ್ ಉಕ್ಕು ಒಡೆದರೆ ಚೂರು ಸಿಡಿಯುತ್ತದೆ.

ಈಗಿನ ಅನೇಕ ಕಾರುಗಳ ಮುಂದಿನ ಚಕ್ರದಲ್ಲಿ ಬೇರಿಂಗ್ ಇಡಿಯಾಗಿ ಒಂದೇ ತುಂಡಾಗಿ ಬರುತ್ತದೆ. ಅದಕ್ಕೆ ಸುತ್ತಿಗೆ ಸಲ್ಲದು, ಒತ್ತಿ ಕೂರಿಸುವ ಯಂತ್ರ, ಅಂದರೆ ಪ್ರೆಸ್ ಬೇಕು. ನಕಲ್ ಅನ್ನು, ಅಂದರೆ ಬೇರಿಂಗ್ ಕೂರುವ ಲೋಹದ ಗೂಡನ್ನು, ಬಿಚ್ಚಿ ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ಯಿರಿ. ನಕಲ್‌ಗೆ ಕೂರಿಸುವಾಗ ಹೊರ ರೇಸಿನ ಮೇಲಷ್ಟೇ ಒತ್ತಬೇಕೆಂದು ಹೇಳಿ, ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ. ನಮಸ್ಕಾರ.