ಸಿಲಿಂಡರಿನೊಳಗೆ ತುಳುಕುವುದು ಏನು?

ಕೇಳುಗರೇ, ನಮಸ್ಕಾರ.

ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟು ಉಳಿದಿದೆ ಎಂದು ನೋಡಲು ನಮ್ಮ ಅಮ್ಮ ಒಂದು ಉಪಾಯ ಮಾಡುತ್ತಿದ್ದರು. ಒಲೆ ಉರಿಯುತ್ತಿರುವಾಗಲೇ ಒದ್ದೆ ಬಟ್ಟೆಯಿಂದ ಸಿಲಿಂಡರಿನ ಮೈ ಒರೆಸಿ ಸ್ವಲ್ಪ ಹೊತ್ತು ಕಾಯುವುದು. ಮೇಲ್ಭಾಗ ಬೇಗ ಆರುತ್ತದೆ. ಕೆಳಭಾಗದ ಪಸೆ ಹಾಗೆಯೇ ಉಳಿಯುತ್ತದೆ. ಆ ಗೆರೆಯೇ ಒಳಗಿನ ದ್ರವದ ಮಟ್ಟ. ಹೌದು, ದ್ರವ. ಅಲ್ಲಿರುವ ಪ್ರೋಪೇನ್, ಬ್ಯೂಟೇನ್‌ಗಳ ಬಹುಪಾಲು ನೀರಿನಂತೆ ತುಳುಕುತ್ತಿರುತ್ತದೆ. ಅನಿಲವಾಗಿ ಹೊರಬಂದರೆ ಅದಕ್ಕೆ ಸುಮಾರು 250 ಪಟ್ಟು ಜಾಗ ಬೇಕು.

ಒತ್ತಿದರೆ ಅನಿಲ ದ್ರವವಾಗುತ್ತದೆ, ಅಷ್ಟೇ ತಾನೇ? ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳೂ ಹಾಗೆಯೇ ನಂಬಿದ್ದರು. ವಿಯೆನ್ನಾದ ನಾಟೆರರ್ ವಾಯುಭಾರದ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ, ಸಾವಿರಕ್ಕೂ ಹೆಚ್ಚು ಪಟ್ಟು ಹೇರಿದರೂ ಆಮ್ಲಜನಕ ಜಗ್ಗಲಿಲ್ಲ. ಅದಕ್ಕೆ 'ಶಾಶ್ವತ ಅನಿಲ' ಎಂದು ಹೆಸರಿಟ್ಟು ಕೈಚೆಲ್ಲಿದವರು ಹಲವರು.

ಗುಟ್ಟು ಬಿಡಿಸಿದವರು ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್, 1869ರಲ್ಲಿ. ಗಾಜಿನ ನಳಿಗೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಒತ್ತಿ ದ್ರವ ಮಾಡಿ, ಮೆಲ್ಲಗೆ ಕಾಯಿಸಿದರು. ದ್ರವಕ್ಕೂ ಅನಿಲಕ್ಕೂ ನಡುವೆ ಇದ್ದ ಗೆರೆ ಮಸುಕಾಗುತ್ತ ಬಂದು, ಸುಮಾರು 31 ಡಿಗ್ರಿಯಲ್ಲಿ ಮಾಯವಾಯಿತು. ಆಮೇಲೆ ಎಷ್ಟು ಒತ್ತಿದರೂ ಅದು ಮರಳಲಿಲ್ಲ. ಒತ್ತಡ ಅಣುಗಳನ್ನು ಹತ್ತಿರ ತರಬಲ್ಲದು. ಅವುಗಳ ಓಟ ತಗ್ಗಿಸುವ ಕೆಲಸ ತಂಪಿನದು. ಓಡುವ ಮಕ್ಕಳನ್ನು ಸಣ್ಣ ಅಂಗಳಕ್ಕೆ ದೂಡಿದ ಮಾತ್ರಕ್ಕೆ ಅವರು ಕೈಕೈ ಹಿಡಿದು ನಿಲ್ಲುತ್ತಾರೆಯೇ? ಯಾವ ತಾಪದ ಮೇಲೆ ಎಷ್ಟು ಒತ್ತಿದರೂ ಅನಿಲ ದ್ರವವಾಗದೋ ಆ ಗಡಿಯನ್ನು ಕ್ರಾಂತಿಕ ತಾಪ ಎನ್ನುತ್ತಾರೆ. ಒಂದೊಂದು ಅನಿಲಕ್ಕೆ ಒಂದೊಂದು.

ಕಚೇರಿಯ ಮೂಲೆಯಲ್ಲಿ ಕಪ್ಪು ಕೊಂಬಿನಂಥ ಮೂತಿಯ ಅಗ್ನಿಶಾಮಕ ಸಿಲಿಂಡರನ್ನು ನೋಡಿರುತ್ತೀರಿ. ಅದರಲ್ಲಿರುವುದು ಇದೇ ಇಂಗಾಲದ ಡೈಆಕ್ಸೈಡ್. ಬೆಂಗಳೂರಿನ ಜನವರಿಯಲ್ಲಿ ಅದರೊಳಗೆ ದ್ರವ ಇರುತ್ತದೆ. ಕಲಬುರಗಿಯ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಒಂದು ಹನಿಯೂ ಇರುವುದಿಲ್ಲ! ಪಕ್ಕದ ಮನೆಯ ಅಡುಗೆ ಅನಿಲ ಮಾತ್ರ ದ್ರವವಾಗಿಯೇ ಕುಳಿತಿರುತ್ತದೆ. ಪ್ರೋಪೇನ್‌ನ ಗಡಿ ಸುಮಾರು 97 ಡಿಗ್ರಿ, ಬ್ಯೂಟೇನ್‌ನದು 152.

ಆಮ್ಲಜನಕದ ಗಡಿಯೋ, ಸೊನ್ನೆಗಿಂತ 118 ಡಿಗ್ರಿ ಕೆಳಗೆ. ನಾಟೆರರ್ ಸೋತದ್ದು ಇಲ್ಲಿ. 1877ರ ಡಿಸೆಂಬರಿನಲ್ಲಿ ಫ್ರಾನ್ಸಿನ ಕೈಯೆಟೆ ಆಮ್ಲಜನಕವನ್ನು 300 ವಾಯುಭಾರಕ್ಕೆ ಒತ್ತಿ, ತಂಪುಗೊಳಿಸಿ, ಒತ್ತಡವನ್ನು ತಟ್ಟನೆ ಸಡಿಲಿಸಿದರು. ಹಿಗ್ಗುವ ಅನಿಲ ತಾನೇ ತಣಿಯಿತು. ನಳಿಗೆಯಲ್ಲಿ ಕ್ಷಣಕಾಲ ಆಮ್ಲಜನಕದ ಹನಿಗಳ ಮಂಜು ಮೂಡಿತು. ನನಗಂತೂ ಇದು ಇಡೀ ಕಥೆಯ ಅತ್ಯಂತ ಜಾಣ ನಡೆ ಎನಿಸುತ್ತದೆ. ಒತ್ತಿ ಸೋತವರ ಎದುರು ಅವರು ಬಿಟ್ಟು ಗೆದ್ದರು.

ದೊಡ್ಡ ಆಸ್ಪತ್ರೆಗಳ ಹಿತ್ತಲಿನ ಎತ್ತರದ ಬಿಳಿ ತೊಟ್ಟಿಗಳಲ್ಲಿ ಈಗ ಆ ಆಮ್ಲಜನಕವೇ ದ್ರವವಾಗಿ ನಿಂತಿರುತ್ತದೆ. ಪಕ್ಕದಲ್ಲಿರುವ ರೆಕ್ಕೆರೆಕ್ಕೆಯ ಲೋಹದ ಕೊಳವೆಗಳಲ್ಲಿ ಹರಿಯುವಾಗ ಅದು ಊರಿನ ಗಾಳಿಯ ಬಿಸಿಯಿಂದಲೇ ಮತ್ತೆ ಅನಿಲವಾಗಿ ವಾರ್ಡಿಗೆ ಹೋಗುತ್ತದೆ. ಮಟಮಟ ಮಧ್ಯಾಹ್ನದಲ್ಲೂ ಆ ಕೊಳವೆಗಳ ಮೇಲೆ ಬೆಳ್ಳಗೆ ಹಿಮ ಕಟ್ಟಿರುತ್ತದೆ. ಎಂದಾದರೂ ಆ ಕಡೆ ಹೋದರೆ ಬೇಲಿಯಾಚೆಯಿಂದ ನೋಡಿ.

ನಮಸ್ಕಾರ.