ದೆವ್ವ ಬಿಡಿ, ಮೊದ್ಲು ಆ ಮನೆ ನೋಡಿ

ಎಲ್ಲರಿಗೂ ನಮಸ್ಕಾರ. ಹೊರಗೆ ಈ ನಮೂನಿ ಮಳೆ ಹೊಡೀತಾ ಇರುವಾಗ ಕಾರವಾರದಲ್ಲಿ ಇಷ್ಟು ಜನ ಹಳೇ ಕಪ್ಪು-ಬಿಳುಪು ಹಾರರ್ ಪಿಕ್ಚರ್ ಬಗ್ಗೆ ಕೇಳೋಕೆ ಬಂದಿದ್ದೀರಿ ಅಂದ್ರೆ ಒಂದೋ ನಿಮ್ಗೆ ಸಿನಿಮಾ ಹುಚ್ಚು, ಇಲ್ಲಾಂದ್ರೆ ಮನೇಲಿ ಕರೆಂಟ್ ಇಲ್ಲ. ಕೈಗಾ, ಕದ್ರಾ ಅಂತ ಎರಡೆರಡು ಕರೆಂಟ್ ತಯಾರಿಸೋ ಸ್ಥಾವರ ಬಗಲಲ್ಲೇ ಇಟ್ಕೊಂಡು ಆಷಾಢದಲ್ಲಿ ಮೇಣದಬತ್ತಿ ಹುಡುಕೋ ಜನ ನಾವು. ಇರ್ಲಿ, ಇವತ್ತಿನ ವಿಷಯಕ್ಕೆ ಕತ್ತಲೆ ಇದ್ರೇ ಚಂದ.

ಈ ಪಿಕ್ಚರ್‌ಗಳಲ್ಲಿ ಈಗ ಹೆದರೋಕೆ ಎಂತ ಉಂಟು ಅಂತ ಹುಡುಗ್ರು ಕೇಳ್ತಾರೆ. ಸರಿಯಾದ ಪ್ರಶ್ನೆನೇ. 1931ರ ಡ್ರಾಕುಲಾದಲ್ಲಿ ಬೆಲಾ ಲುಗೋಸಿ ಕಣ್ಣು ಅರಳಿಸಿಕೊಂಡು ಬರೋದು ನೋಡಿದ್ರೆ ನಂಗೂ ನಗು ಬರ್ತದೆ, ಆ ಬಾವಲಿ ದಾರದಲ್ಲಿ ತೂಗ್ತಾ ಇರೋದಂತೂ ಕಣ್ಣಿಗೇ ಕಾಣ್ತದೆ. ಆದ್ರೆ ಅದೇ ಹುಡುಗ್ರನ್ನ ಕೂರಿಸಿ ಒಂದು ಹಳೇ ಬಂಗಲೆ, ಅದ್ರೊಳಗೆ ಬೀಗ ಹಾಕಿದ ಒಂದು ಕೋಣೆ, ಆಸ್ತಿಗೆ ಕಾಯ್ತಾ ಕೂತ ನಾಕು ಜನ ನೆಂಟ್ರು, ಇಂಥ ಪಿಕ್ಚರ್ ಹಾಕಿ, ಹತ್ತು ನಿಮಿಷಕ್ಕೆ ಎಲ್ರ ಬಾಯಿ ಬಂದ್. ದೆವ್ವಕ್ಕೆ ವಯಸ್ಸಾಗಿದೆ, ಮನೆಗೆ ಆಗಿಲ್ಲ. ನಾನು ಹೇಳೋಕೆ ಬಂದಿದ್ದು ಇಷ್ಟೇ, ಈ ಪಿಕ್ಚರ್‌ಗಳಲ್ಲಿ ಭಯ ಹುಟ್ಟೋದು ಹೆಣದಿಂದ ಅಲ್ಲ, ಹಿಸ್ಸೆಯಿಂದ.

ನಗಬೇಡಿ, ಉದಾಹರಣೆ ಕೊಡ್ತೆ. 1927ರಲ್ಲಿ ಯೂನಿವರ್ಸಲ್ ಕಂಪನಿ ತೆಗೆದ 'ದ ಕ್ಯಾಟ್ ಅಂಡ್ ದ ಕ್ಯಾನರಿ', ಮೂಕಿ ಚಿತ್ರ. ಸೈರಸ್ ವೆಸ್ಟ್ ಅಂತ ಒಬ್ಬ ಶ್ರೀಮಂತ ಮುದುಕ, ನೆಂಟ್ರೆಲ್ಲ ತನ್ನ ದುಡ್ಡಿಗೆ ಬಾಯಿ ಬಿಟ್ಕೊಂಡು ಕೂತಿದಾರೆ ಅಂತ ರೋಸಿಹೋಗಿ, ತಾನು ಸತ್ತು 20 ವರ್ಷ ಆದ್ಮೇಲೇ ವಿಲ್ ಓದಬೇಕು ಅಂತ ಬರೆದಿಟ್ಟು ಸಾಯ್ತಾನೆ. 20 ವರ್ಷ ಕಳೆದು ಮಧ್ಯರಾತ್ರಿ ಎಲ್ರೂ ಆ ಹಾಳು ಬಂಗಲೆಗೆ ಬಂದು ಕೂರ್ತಾರೆ. ಆಸ್ತಿ ಎಲ್ಲ ಅನಾಬೆಲ್ ಅನ್ನೋ ಹುಡುಗಿಗೆ, ಆದ್ರೆ ಒಂದು ಕಂಡೀಶನ್ನು, ಅವಳ ತಲೆ ಸರಿ ಇದೆ ಅಂತ ಡಾಕ್ಟ್ರು ಹೇಳಬೇಕು, ಇಲ್ಲಾಂದ್ರೆ ಎರಡನೇ ಲಕೋಟೆಲಿ ಹೆಸರಿರೋರಿಗೆ ಎಲ್ಲಾ ಹೋಗ್ತದೆ. ಈಗ ಲೆಕ್ಕ ಹಾಕಿ, ಆ ರಾತ್ರಿ ಒಳಗೆ ಅವಳಿಗೆ ಹುಚ್ಚು ಹಿಡಿಸೋದ್ರಲ್ಲಿ ಯಾರಿಗೋ ಲಾಭ ಇದೆ! ಅವಳು ಮಲಗಿದಾಗ ಮಂಚದ ತಲೆಹತ್ರದ ಗೋಡೆ ಹಲಗೆ ಸರಿದು ಉದ್ದ ಉಗುರಿನ ಒಂದು ಕೈ ಮೆಲ್ಲ ಕೆಳಗೆ ಇಳೀತದೆ, ಕುತ್ತಿಗೆ ಹಿಸುಕ್ತದೆ ಅಂತ ನಾವು ಉಸಿರು ಬಿಗಿಹಿಡಿದ್ರೆ ಅದು ವಜ್ರದ ಹಾರ ಕಿತ್ಕೊಂಡು ವಾಪಸ್ ಗೋಡೆಯೊಳಗೆ ಹೋಗ್ತದೆ. ಪ್ರಾಣ ಬೇಡ, ಹಾರ ಬೇಕು. ಯಾವ ದೆವ್ವಕ್ಕೆ ಮಾರಾಯ್ರೆ ವಜ್ರದ ಹಾರ?

ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳೋದೇ ಬೇಡ. ನಾನು ಘಟ್ಟದ ಮೇಲಿನವ, ಶಿರಸಿ ಕಡೆ. ಅಲ್ಲಿ ಹಳೇ ಮನೆಗಳಲ್ಲಿ ನಡುಮಧ್ಯಾಹ್ನವೂ ಲೈಟ್ ಹಾಕಬೇಕಾದ ನಡುಮನೆ, ತಲೆ ತಗ್ಗಿಸಿ ಹೋಗೋ ಬಾಗಿಲು, ಮೆತ್ತಿನ ಮೇಲೆ ಅಡಿಕೆ ಮೂಟೆ, ಅದ್ರ ಮೇಲೆ ಅಟ್ಟ, ಅಟ್ಟದಲ್ಲಿ ಎಂತ ಇದೆ ಅಂತ ಮನೆ ಯಜಮಾನ್ರಿಗೂ ಪೂರ್ತಿ ಗೊತ್ತಿರೋದಿಲ್ಲ. ಚೌಡಿ, ಜಟಕ, ಮಾಸ್ತಿ ಅಂತ ಊರ ದೈವಗಳೆಲ್ಲ ಹೊರಗೆ ಮರದ ಬುಡದಲ್ಲಿ ಅವರವರ ಜಾಗದಲ್ಲಿ ಇರ್ತಾರೆ, ವರ್ಷಕ್ಕೊಮ್ಮೆ ಕೊಡೋದು ಕೊಟ್ರೆ ತಂಟೆ ಇಲ್ಲ. ತಂಟೆ ಎಲ್ಲ ಒಳಗಿಂದೇ. ಅಣ್ತಮ್ಮಂದ್ರು ಮಾತು ಬಿಟ್ಟು ನಡುಮನೆಗೆ ಅಡ್ಡಗೋಡೆ ಕಟ್ಟಿದ್ದು, ದೇವರ ಕೋಣೆ ಯಾರ ಪಾಲಿಗೆ ಅಂತ ಕೋರ್ಟಿಗೆ ಹೋಗಿದ್ದು, ಇದೆಲ್ಲ ಇಲ್ಲಿ ಕೂತ ಎಷ್ಟು ಜನ್ರ ಮನೇಲಿ ಆಗಿಲ್ಲ ಹೇಳಿ ನೋಡುವಾ. ಹಂಗಾಗಿ ಇಂಗ್ಲಿಷ್ ಬಂಗಲೆ ಕಥೆ ನಮಗೆ ಪರದೇಶದ್ದು ಅನ್ಸೋದೇ ಇಲ್ಲ.

ಅಟ್ಟ ಅಂದೆ ಅಲ್ವಾ, 1944ರ 'ಗ್ಯಾಸ್‌ಲೈಟ್' ನೋಡಿ. ಇನ್‌ಗ್ರಿಡ್ ಬರ್ಗ್‌ಮನ್‌ಗೆ ಆಸ್ಕರ್ ತಂದ್ಕೊಟ್ಟ ಪಿಕ್ಚರ್. ದೆವ್ವ ಇಲ್ಲ, ಭೂತ ಇಲ್ಲ, ಗಂಡ ಒಬ್ಬ ಇದಾನೆ. ರಾತ್ರಿ ಕೆಲಸ ಇದೆ ಅಂತ ಹೊರಗೆ ಹೋಗ್ತಾನೆ, ಸುತ್ತಿ ಬಂದು ಪಕ್ಕದ ಖಾಲಿ ಮನೆ ಮಾಡಿಂದ ತನ್ನದೇ ಮನೆ ಅಟ್ಟಕ್ಕೆ ಇಳಿದು, ಹಿಂದೆ ತಾನೇ ಕೊಂದ ಹೆಂಗಸಿನ ಒಡವೆ ಹುಡುಕ್ತಾನೆ. ಮೇಲೆ ಅವನು ಗ್ಯಾಸ್ ದೀಪ ಹಚ್ಚಿದ ಕೂಡ್ಲೇ ಕೆಳಗೆ ಇವಳ ಕೋಣೆ ದೀಪ ಸಣ್ಣ ಆಗ್ತದೆ, ಒಂದೇ ಪೈಪ್ ಅಲ್ವಾ. ಇವಳು ದೀಪ ಸಣ್ಣ ಆಯ್ತು ಅಂದ್ರೆ ನಿಂಗೆ ಭ್ರಮೆ ಅಂತಾರೆ. ಆ ಜ್ವಾಲೆ ಕುಗ್ಗೋ ಶಾಟ್ ಇದೆಯಲ್ಲ, ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ಭಯ ನಾನು ಬೇರೆ ಎಲ್ಲೂ ನೋಡಿಲ್ಲ. 1940ರ 'ರೆಬೆಕಾ'ದಲ್ಲೂ ಹಿಂಗೇ, ಹೊಸ ಹೆಂಡ್ತಿಗೆ ಪಿಕ್ಚರ್ ಮುಗಿಯೋತನಕ ಒಂದು ಹೆಸ್ರೇ ಇಲ್ಲ, ಮನೆ ತುಂಬಾ ಸತ್ತ ಸವತಿ ಹೆಸ್ರು. ಮನೆ ನೋಡ್ಕೊಳ್ಳೋ ಡ್ಯಾನ್ವರ್ಸ್ ನಡ್ಕೊಂಡು ಬರೋದನ್ನ ಹಿಚ್‌ಕಾಕ್ ಬೇಕಂತಲೇ ಜಾಸ್ತಿ ತೋರ್ಸಿಲ್ಲ, ತಿರುಗಿ ನೋಡಿದ್ರೆ ಅವಳು ಆಗ್ಲೇ ಅಲ್ಲಿ ನಿಂತಿರ್ತಾಳೆ. ಆ ಭವ್ಯ ಬಂಗಲೆ, ಹೊರಗಿಂದ ಕಾಣೋದು, ಬರೀ ಮಾಡೆಲ್ ಅಂತೆ ಕಟ್ಟಿದ್ದು.

ಈಗ ನೆರಳಿನ ಮಾತು. ಕ್ಯಾಟ್ ಅಂಡ್ ಕ್ಯಾನರಿ ತೆಗೆದ ಪೌಲ್ ಲೇನಿ ಜರ್ಮನಿಯವ, ಅಲ್ಲಿ ಗೋಡೆ ಮೇಲೆ ನೆರಳು ಬೀಳಿಸಿ ಕಥೆ ಹೇಳೋದನ್ನ ಕಲ್ತು ಹಾಲಿವುಡ್‌ಗೆ ಹೋದವ. ಅದೇ ಜರ್ಮನಿಯಿಂದ ಯೋಸೆಫ್ ವಿರ್ಶಿಂಗ್ ಅಂತ ಕ್ಯಾಮೆರಾಮನ್ ಬಾಂಬೆ ಟಾಕೀಸ್‌ಗೆ ಬಂದ. 1949ರಲ್ಲಿ ಕಮಾಲ್ ಅಮ್ರೋಹಿ 'ಮಹಲ್' ತೆಗೆದಾಗ ಕ್ಯಾಮೆರಾ ಅವನದ್ದೇ. ಅಲ್ಲೂ ಕಥೆ ಶುರುವಾಗೋದು ಹರಾಜಿನಲ್ಲಿ ಕೊಂಡ ಮನೆಯಿಂದ, ಅಶೋಕ್ ಕುಮಾರ್ ಒಳಗೆ ಬಂದ್ರೆ ಗೋಡೆ ಮೇಲೆ ತನ್ನದೇ ಮುಖದ ಹಳೇ ಚಿತ್ರ. ಆಮೇಲೆ ಎಲ್ಲಿಂದಲೋ ಆ ಹಾಡು ಕೇಳ್ತದೆ, 'ಆಯೇಗಾ ಆನೇವಾಲಾ', ದೂರದಿಂದ ಬಂದಂಗೆ ಕೇಳ್ಲಿ ಅಂತ ಲತಾ ಮೈಕ್‌ನಿಂದ ದೂರ ನಿಂತು ಶುರು ಮಾಡಿ ಹಾಡ್ತಾ ಹಾಡ್ತಾ ಹತ್ರ ಬಂದಿದ್ದು. ಗಮ್ಮತ್ತು ಏನಂದ್ರೆ ಮೊದ್ಲು ಬಂದ ರೆಕಾರ್ಡ್ ಮೇಲೆ ಲತಾ ಹೆಸರೇ ಇಲ್ಲ, ಪಾತ್ರದ ಹೆಸರು ಕಾಮಿನಿ ಅಂತ ಹಾಕಿದ್ರು. ಹಾಡಿದವ್ರು ಯಾರು ಅಂತ ಊರೆಲ್ಲ ಕೇಳೋ ಹಂಗಾಯ್ತು!

ಇನ್ನು ಕಾರವಾರದಲ್ಲಿ ನಿಂತು ಇದೊಂದು ಹೇಳದೇ ಇದ್ರೆ ತಪ್ಪಾಗ್ತದೆ. ಇಲ್ಲಿ ಬೀಚಿಗೆ ಟಾಗೋರ್ ಹೆಸರು ಯಾಕೆ ಅಂತ ನಿಮ್ಗೆಲ್ಲ ಗೊತ್ತು, ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, 1883ರಲ್ಲಿ ತಮ್ಮ ಬಂದು ಉಳಿದಿದ್ರು, ನಾಟಕ ಬರೆದ್ರು. ಆದ್ರೆ ಅದಕ್ಕೂ ಮೊದ್ಲು ಇದೇ ಅಣ್ಣ ಅಹಮದಾಬಾದ್‌ನಲ್ಲಿ ಜಡ್ಜ್ ಆಗಿದ್ದಾಗ ಶಾಹಿಬಾಗ್ ಅರಮನೇಲಿ ವಾಸ. ಅಣ್ಣ ಕೋರ್ಟಿಗೆ ಹೋದ ಮೇಲೆ ಹದಿಹರೆಯದ ಹುಡುಗ ಆ ಖಾಲಿ ಕೋಣೆಗಳಲ್ಲಿ ಒಬ್ನೇ ಓಡಾಡಿದ್ದು ಮುಂದೆ 'ಕ್ಷುಧಿತ ಪಾಷಾಣ' ಕಥೆ ಆಯ್ತು, ಅದನ್ನ ತಪನ್ ಸಿನ್ಹಾ 1960ರಲ್ಲಿ ಪಿಕ್ಚರ್ ಮಾಡಿದ್ರು. ಮರುವರ್ಷ ಸತ್ಯಜಿತ್ ರೇ ಟಾಗೋರರದ್ದೇ 'ಮಣಿಹಾರ' ತೆಗೆದ್ರು, ಅದ್ರಲ್ಲಿ ಹೆಣ್ಣಿಗೆ ಒಡವೆ ಮೇಲೆ ಎಷ್ಟು ಆಸೆ ಅಂದ್ರೆ ಸತ್ತ ಮೇಲೂ ಬರ್ತಾಳೆ. ನೋಡಿ, ಮತ್ತೆ ಒಡವೆ. ನನ್ನ ಮಾತು ನಂಬದಿದ್ರೆ ಬೇಡ, ಟಾಗೋರರದ್ದಾದ್ರೂ ನಂಬಿ.

ನಂಗೆ ಇಷ್ಟ ಆಗದೇ ಇರೋದು ಒಂದಿದೆ, ಕೊನೇ ಐದು ನಿಮಿಷದಲ್ಲಿ ಒಬ್ಬ ನಿಂತ್ಕೊಂಡು ಎಲ್ಲಾ ವಿವರಿಸೋದು. ನಮ್ಮ ಆಪ್ತಮಿತ್ರದಲ್ಲೂ ಡಾಕ್ಟ್ರು ಸುಮಾರು ಹೊತ್ತು ಪಾಠ ಮಾಡ್ತಾರೆ, ಸೌಂದರ್ಯ ಆ ಮೇಲೆ ಕುಣಿದು ಕಾಪಾಡಿದ್ರು ಬಿಡಿ. 1963ರ 'ದ ಹಾಂಟಿಂಗ್' ಈ ವಿಷಯದಲ್ಲಿ ಗಟ್ಟಿ. ಇಡೀ ಪಿಕ್ಚರ್‌ನಲ್ಲಿ ಒಂದು ದೆವ್ವವೂ ಕಾಣೋದಿಲ್ಲ, ಮುಚ್ಚಿದ ದಪ್ಪ ಮರದ ಬಾಗಿಲು ಹೊರಗಿಂದ ಯಾರೋ ಒತ್ತಿದ ಹಾಗೆ ಒಳಗೆ ಉಬ್ಬಿ ಬರ್ತದೆ, ಅಷ್ಟೇ. ಒತ್ತಿದ್ದು ಯಾರು ಅಂತ ಕೊನೇತನಕ ಹೇಳೋದೇ ಇಲ್ಲ.

ಸರಿ, ಈಗ ಹಾಕೋದು ಜೇಮ್ಸ್ ವೇಲ್ ತೆಗೆದ 1932ರ 'ದ ಓಲ್ಡ್ ಡಾರ್ಕ್ ಹೌಸ್'. ಬಹಳ ವರ್ಷ ಇದು ಕಳೆದೇ ಹೋಯ್ತು ಅಂದ್ಕೊಂಡಿದ್ರು, 1968ರಲ್ಲಿ ನೆಗೆಟಿವ್ ಸಿಕ್ತು. ವೇಲ್ಸ್‌ನಲ್ಲಿ ಜಡಿಮಳೆ, ಗುಡ್ಡ ಕುಸಿದು ರಸ್ತೆ ಬಂದ್, ಪ್ರಯಾಣಿಕರು ಸಿಕ್ಕಿದ ಮನೆಗೆ ನುಗ್ತಾರೆ. 2024ರ ಶಿರೂರು ನೋಡಿದ ಮೇಲೆ ಗುಡ್ಡ ಕುಸಿಯೋದು ನಮಗೆ ಸಿನಿಮಾ ಸೀನ್ ಆಗಿ ಉಳಿದಿಲ್ಲ, ಆ ಭಾಗ ಬಂದಾಗ ಯಾರಿಗಾದ್ರೂ ಕಷ್ಟ ಅನ್ಸಿದ್ರೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬನ್ನಿ. ಆಮೇಲೆ ಊಟದ ಸೀನ್ ತಪ್ಪಿಸ್ಬೇಡಿ, ಮನೆ ಯಜಮಾನ ಬಂದವರಿಗೆ ಎಷ್ಟು ಗತ್ತಿನಲ್ಲಿ ಬೇಯಿಸಿದ ಬಟಾಟೆ ಬಡಿಸ್ತಾನೆ ನೋಡಿ, ಅಂಥ ಉಪಚಾರಕ್ಕಿಂತ ದೆವ್ವ ವಾಸಿ. ಮೇಲೆ ಮಂಚದಲ್ಲಿ ಮಲಗಿದ 102 ವರ್ಷದ ಅಜ್ಜ ಇದಾನಲ್ಲ, ಅದು ಗಂಡಸಲ್ಲ, ಎಲ್ಸ್‌ಪೆತ್ ಡಜನ್ ಅನ್ನೋ ನಟಿ, ಟೈಟಲ್ ಕಾರ್ಡಲ್ಲಿ ಜಾನ್ ಡಜನ್ ಅಂತ ಹಾಕಿ ಯಾಮಾರಿಸಿದಾರೆ. ಅದಕ್ಕೂ ಮೇಲಿನ ಬೀಗದ ಕೋಣೇಲಿ ಯಾರಿದಾರೆ ಅಂತ ಮಾತ್ರ ನಾನು ಹೇಳೋದಿಲ್ಲ. ಹಿಂದೆ ಕೂತವ್ರು ಮುಂದೆ ಬನ್ನಿ, ಮಳೆ ಸದ್ದಿಗೆ ಡೈಲಾಗ್ ಕೇಳ್ಸೋದಿಲ್ಲ.