ರಾಣೇಬೆನ್ನೂರಿನ ಹತ್ತಿ ಬೀಜದ ಹಿಂದೆ ಒಂದು ಬಟಾಣಿ ತೋಟ

(ದೃಶ್ಯ: ರಾಣೇಬೆನ್ನೂರು ಸಮೀಪದ ಹತ್ತಿ ಹೊಲ, ಇಳಿಹೊತ್ತು. ಮೊಗ್ಗು ಹಿಡಿದ ಕೈ, ತೀರ ಹತ್ತಿರದಿಂದ.)

ಈ ಬೆರಳುಗಳನ್ನು ಗಮನಿಸಿ. ಮೊಗ್ಗು ನಾಳೆ ಅರಳುವಂಥದ್ದು. ಹೆಬ್ಬೆರಳಿನ ಉಗುರಿನಿಂದ ಬುಡದಲ್ಲಿ ಸುತ್ತಲೂ ಗೀರಿ, ಎಸಳಿನ ಜೊತೆಗೇ ಪರಾಗ ಹೊತ್ತ ಕೇಸರಗಳನ್ನೂ ಕಿತ್ತು ತೆಗೆದರು. ಉಗುರು ಸ್ವಲ್ಪ ಆಳಕ್ಕೆ ಇಳಿದರೂ ಕಾಯಿ ಕಟ್ಟುವುದಿಲ್ಲ. ಗುರುತಿಗೆ ಕೆಂಪು ಕಾಗದದ ಚೀಲ. ನಾಳೆ ಬೆಳಿಗ್ಗೆ ಗಂಡು ತಳಿಯ ಹೂವು ತಂದು ಇದಕ್ಕೆ ಪರಾಗ ಸವರುತ್ತಾರೆ. ಹೈಬ್ರಿಡ್ ಹತ್ತಿ ಬೀಜ ಹೀಗೆ ಒಂದೊಂದೇ ಹೂವಿನಲ್ಲಿ ತಯಾರಾಗುತ್ತದೆ.

(ದೃಶ್ಯ: ಬಟಾಣಿ ಹೂವು.)

1856ರಲ್ಲಿ, ಇಂದಿನ ಚೆಕ್ ದೇಶದ ಬ್ರನೋ ಪಟ್ಟಣದ ಮಠವೊಂದರಲ್ಲಿ ಗ್ರೆಗರ್ ಮೆಂಡಲ್ ಎಂಬ ಸನ್ಯಾಸಿ ಬಟಾಣಿ ಗಿಡಗಳ ಮೇಲೆ ಆರಂಭಿಸಿದ್ದೂ ಇದೇ ಕೆಲಸವನ್ನು. ಗಿಡದ ಗುಣ ಮುಂದಿನ ಪೀಳಿಗೆಗೆ ಯಾವ ಲೆಕ್ಕದಲ್ಲಿ ಇಳಿಯುತ್ತದೆ? ಅವರು ಹುಡುಕಿದ್ದು ಈ ನಿಯಮವನ್ನು. 1866ರಲ್ಲಿ ಪ್ರಬಂಧ ಅಚ್ಚಾಯಿತು. 1900ರವರೆಗೆ ಅದನ್ನು ಹೆಚ್ಚು ಕಡಿಮೆ ಕೇಳುವವರೇ ಇರಲಿಲ್ಲ.

(ದೃಶ್ಯ: ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳು.)

ಆಮೇಲೆ ಕೆಲವರು ಹತ್ತಿಯ ಜೀವಕೋಶದ ವರ್ಣತಂತುಗಳನ್ನು, ಅಂದರೆ ಗುಣಗಳನ್ನು ಮುಂದಿನ ಪೀಳಿಗೆಗೆ ಒಯ್ಯುವ ಎಳೆಗಳನ್ನು, ಎಣಿಸಿದರು. ನಮ್ಮ ಜಯಧರದಂಥ ದೇಸಿ ಹತ್ತಿಗೆ 26, ಅಮೆರಿಕನ್ ಹತ್ತಿಗೆ 52. ಇದನ್ನು ಎಣಿಸಿ ಆಗಬೇಕಾದದ್ದೇನು ಎಂದು ಆಗ ಯಾರಾದರೂ ಕೇಳಿದ್ದರೆ ಬಾಯಿ ಕಟ್ಟುತ್ತಿತ್ತು. ಉತ್ತರ ಇಲ್ಲಿದೆ: 26ರದ್ದನ್ನು 52ರದ್ದಕ್ಕೆ ಕೂಡಿಸಿದರೆ ಎರಡರಿಂದಲೂ ಅರ್ಧರ್ಧ ಬಂದು ಹುಟ್ಟುವ ಗಿಡಕ್ಕೆ 39, ವರ್ಣತಂತುಗಳೆಲ್ಲ ಜೋಡಿಯಾಗದೆ ಅದು ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಎರಡೂ 52 ಆಗಿದ್ದರೆ ದಾರಿ ತೆರೆದಿರುತ್ತದೆ. ಅಮೆರಿಕನ್ ಪ್ರಭೇದದ ‘ಲಕ್ಷ್ಮಿ’ ತಳಿಗೆ ಉದ್ದ ಎಳೆಯ ಬಾರ್ಬಡೆನ್ಸ್ ಎಂಬ ಇನ್ನೊಂದು ಹತ್ತಿ ಪ್ರಭೇದವನ್ನು ಕೂಡಿಸಿ, 1972ರಲ್ಲಿ ನಮ್ಮ ಧಾರವಾಡದ ವಿಜ್ಞಾನಿಗಳು ‘ವರಲಕ್ಷ್ಮಿ’ ಹೈಬ್ರಿಡ್ ಹತ್ತಿಯನ್ನು ಹೊರತಂದರು. ನನಗೆ ಇದು ಯಾವ ರಾಕೆಟ್ ಉಡಾವಣೆಗೂ ಕಡಿಮೆಯಲ್ಲದ ಹೆಮ್ಮೆ.

(ದೃಶ್ಯ: ನಿರೂಪಕಿ, ಹೊಲದ ಬದುವಿನ ಮೇಲೆ.)

ತಿಳಿಯಲೆಂದೇ ನಡೆಸುವ ಇಂಥ ಮೂಲವಿಜ್ಞಾನಕ್ಕೆ ಹೋಗುವುದು ಹೆಚ್ಚಾಗಿ ಜನರ ತೆರಿಗೆಯ ಹಣ. ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಆಗ ‘ನಿಮಗೆ ಅರ್ಥವಾಗುವುದಿಲ್ಲ’ ಎನ್ನುವುದು ಅವಮಾನ. ಪ್ರತಿ ಸಂಶೋಧನೆಯಿಂದಲೂ ಔಷಧ ಬರುತ್ತದೆ, ಬೀಜ ಬರುತ್ತದೆ ಎಂದು ಭರವಸೆ ಕೊಡುವುದು ಸುಳ್ಳು. ಅನೇಕ ಪ್ರಶ್ನೆಗಳು ತಿಳಿವಳಿಕೆಯನ್ನಷ್ಟೇ ಕೊಟ್ಟು ಮುಗಿಯುತ್ತವೆ, ಅದನ್ನೂ ಹೇಳಬೇಕು. ವಿಜ್ಞಾನಿಗಳೇ, ನಿಮ್ಮ ಪ್ರಶ್ನೆ ಯಾವುದು, ಅದು ನಿಮ್ಮನ್ನು ಏಕೆ ಬಿಡುತ್ತಿಲ್ಲ ಎಂಬುದನ್ನು ಕನ್ನಡದಲ್ಲಿ, ಕೈಯಲ್ಲಿ ವಸ್ತು ಹಿಡಿದು ತೋರಿಸಿ. ಮೊಗ್ಗು ಬಿಡಿಸುವ ಈ ತಾಯಂದಿರಿಗೆ ಮೆಂಡಲ್ ಕೆಲಸ ಬೇಗ ತಿಳಿಯುತ್ತದೆ. ಅರ್ಧ ಅವರಿಗೆ ಗೊತ್ತೇ ಇದೆ.

ಧಾರವಾಡದ ಕೃಷಿ ಮೇಳಕ್ಕೆ ಹೋಗುವವರು ಬೀಜದ ಮಳಿಗೆಯಲ್ಲಿ ಬೆಲೆ, ಇಳುವರಿ ಕೇಳಿದ ಮೇಲೆ ಇನ್ನೊಂದು ಕೇಳಿ: ‘ಈ ತಳಿ ಬರಬೇಕಾದರೆ ಮೊದಲು ಏನು ತಿಳಿದುಕೊಳ್ಳಬೇಕಾಯಿತು?’ ಸಿಕ್ಕ ಉತ್ತರವನ್ನು ಇಲ್ಲಿ ಕೆಳಗೆ ಬರೆಯಿರಿ. ಅದರ ಮೇಲೆಯೇ ಮುಂದಿನ ವಿಡಿಯೋ ಮಾಡುತ್ತೇವೆ.